ಲಾರಿಯ ಹಿಂದೆ ನಿಂತವರು

(ಬಾನುಲಿ ಭಾಷಣ)

ಲಾರಿ ಬಡಿದು ಮನುಷ್ಯನೊಬ್ಬ ಸತ್ತನೆಂದರೆ, ಸೇರಿದ ಜನ ಮೊದಲು ಹುಡುಕುವುದು ಚಾಲಕನನ್ನು. ಸಿಕ್ಕಿದರೆ ನಾಲ್ಕು ಏಟು ಬೀಳುತ್ತವೆ. ಸಿಗದಿದ್ದರೆ ಲಾರಿಯ ಗಾಜು ಪುಡಿಯಾಗುತ್ತದೆ. ಇಷ್ಟಾದ ಮೇಲೆ ಜನ ಚದುರುತ್ತಾರೆ, ಮನೆಯವರ ಪಾಲಿಗೆ ಹೆಣ ಉಳಿಯುತ್ತದೆ. ಕಾನೂನು ಕೇಳುವ ಪ್ರಶ್ನೆಗಳು ಬೇರೆ. ಚಾಲಕ ಯಾರೆಂದು ಅದೂ ಕೇಳುತ್ತದೆ. ಆದರೆ ಅಲ್ಲಿಗೇ ನಿಲ್ಲದೆ, ಲಾರಿ ಯಾರ ಹೆಸರಿನಲ್ಲಿದೆ, ಆ ದಿನ ಅದು ಯಾರ ಕೆಲಸಕ್ಕೆ ಹೊರಟಿತ್ತು, ಅದರ ವಿಮೆಯ ಹೊಣೆ ಹೊತ್ತ ಸಂಸ್ಥೆ ಯಾವುದು ಎಂದು ಒಂದರ ಹಿಂದೊಂದಾಗಿ ವಿಚಾರಿಸುತ್ತದೆ. ಈ ಪ್ರಶ್ನೆಗಳನ್ನು ತಾವೂ ಕೇಳಬೇಕೆಂಬುದು ಎಷ್ಟೋ ಕುಟುಂಬಗಳಿಗೆ ತಿಳಿಯದೆಯೇ ಕಾಲ ಮೀರಿಹೋಗುತ್ತದೆ. ಹೆದ್ದಾರಿಯ ಮಗ್ಗುಲಿನ ಊರೊಂದರಲ್ಲಿ ಬಹುಕಾಲ ವಕೀಲಿ ಮಾಡಿದವನಾದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿದೆ.

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳನ್ನು ಹಾದು ಪುಣೆಯ ಕಡೆಗೆ ಸಾಗುವ ದಾರಿಗೆ ಹಿಂದೆ ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿ ಎಂಬ ಹೆಸರಿತ್ತು. ಈಗ ಅದರ ಸಂಖ್ಯೆ 48. ದಾರಿ ಅಗಲವಾಗಿದೆ, ಸಂಖ್ಯೆ ಬದಲಾಗಿದೆ. ಆದರೆ ಅದರ ಎರಡೂ ಬದಿಯ ಹಳ್ಳಿಗಳು ಇದ್ದಲ್ಲಿಯೇ ಇವೆ. ಊರು ಒಂದು ಕಡೆ, ಹೊಲ ಇನ್ನೊಂದು ಕಡೆ. ಹಾಲು, ಹುಲ್ಲು, ಶಾಲೆಯ ಮಕ್ಕಳು ಎಲ್ಲವೂ ಆ ದಾರಿಯನ್ನು ದಾಟಿಯೇ ಹೋಗಬೇಕು.

ಆಳು ಕೆಲಸದ ನಡುವೆ ಮಾಡಿದ ತಪ್ಪಿಗೆ ಒಡೆಯ ಹೊಣೆಗಾರನೆಂಬುದು ಹಳೆಯ ತತ್ತ್ವ. ಲಾರಿಯ ಲಾಭ ಯಾರ ಕೈ ಸೇರುತ್ತದೆಯೋ ಅದರ ಅಪಾಯದ ಭಾರವೂ ಅವನ ಮೇಲೆಯೇ ಬೀಳಬೇಕು. ತಿಂಗಳ ಸಂಬಳ ಮತ್ತು ದಿನದ ಬತ್ತದ ಮೇಲೆ ಬದುಕುವ ಚಾಲಕನಿಂದ ಲಕ್ಷಗಟ್ಟಲೆ ಪರಿಹಾರ ಹುಟ್ಟುವುದಿಲ್ಲವೆಂಬ ವ್ಯವಹಾರಜ್ಞಾನವೂ ಇದರ ಹಿಂದೆ ಇದೆ. ಮಾಲೀಕನೂ ದಿವಾಳಿಯಾಗಿದ್ದರೆ? ಅದಕ್ಕಾಗಿಯೇ 1939ರ ಮೋಟಾರು ವಾಹನ ಕಾಯಿದೆ, ದಾರಿಹೋಕನಿಗಾಗುವ ಹಾನಿಯ ಮಟ್ಟಿಗೆ ವಿಮೆಯನ್ನು ಕಡ್ಡಾಯ ಮಾಡಿತು. 1956ರ ತಿದ್ದುಪಡಿಯಿಂದ ಪರಿಹಾರದ ಅರ್ಜಿಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಳಿಗಳ ಏರ್ಪಾಡಾಯಿತು. ಈಗ ನಡೆಯುತ್ತಿರುವುದು 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆ. ಅದಕ್ಕೆ 2019ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಪರಿಹಾರದ ಭಾಗ 2022ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿದೆ.

ಮಾಲೀಕ ಯಾರೆಂಬುದೂ ಸುಲಭದ ಪ್ರಶ್ನೆಯಲ್ಲ. ಲಾರಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ, ನೋಂದಣಿ ಪುಸ್ತಕ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿಯುತ್ತದೆ. ಅಪಘಾತವಾದ ಕೂಡಲೇ ಹೆಸರಿನವನು "ನಾನು ಮಾರಿಬಿಟ್ಟಿದ್ದೇನೆ" ಎನ್ನುತ್ತಾನೆ. ಕೊಂಡವನು "ನನ್ನ ಹೆಸರಿಗೆ ಆಗಿಲ್ಲ" ಎನ್ನುತ್ತಾನೆ. ಈ ಜಾರುಬಂಡೆಯಾಟಕ್ಕೆ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತಡೆ ಹಾಕಿತು: ನೋಂದಣಿಯಲ್ಲಿ ಹೆಸರು ಬದಲಾಗುವ ತನಕ, ಪರಿಹಾರದ ಮಟ್ಟಿಗೆ, ಹೆಸರಿರುವವನೇ ಮಾಲೀಕ. ಸಾಲ ಕೊಟ್ಟ ಸಂಸ್ಥೆಯ ಹೆಸರು ಪುಸ್ತಕದಲ್ಲಿದ್ದರೂ, ಒಪ್ಪಂದದ ಮೇರೆಗೆ ವಾಹನವನ್ನು ವಶದಲ್ಲಿಟ್ಟುಕೊಂಡು ಓಡಿಸುವವನನ್ನೇ ಕಾಯಿದೆ ಮಾಲೀಕನೆಂದು ಕರೆಯುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕು. ಚಾಲಕನ ಮೇಲೆ ಪೊಲೀಸರು ಹೂಡುವ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ. ಮೊದಲನೆಯದು ಶಿಕ್ಷೆಗಾಗಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದು, ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ ಅದರ 106ನೆಯ ಕಲಮು ಐದು ವರ್ಷಗಳವರೆಗಿನ ಸೆರೆವಾಸವನ್ನು ಹೇಳುತ್ತದೆ. ಅಪಘಾತ ಮಾಡಿ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷಗಳವರೆಗಿನ ಶಿಕ್ಷೆ ಎಂಬ ಎರಡನೆಯ ಉಪಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಲಾರಿ ಚಾಲಕರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಸಂಹಿತೆ ಜಾರಿಗೆ ಬಂದ ದಿನ ಆ ಉಪಕಲಮನ್ನು ತಡೆಹಿಡಿಯಲಾಯಿತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ ಎಂಬ ಚಾಲಕರ ಅಳಲು ಸುಳ್ಳಲ್ಲ. ಇದು ಹೇಗೇ ಇರಲಿ, ಚಾಲಕ ಜೈಲಿಗೆ ಹೋದ ಮಾತ್ರಕ್ಕೆ ವಿಧವೆಗೆ ಒಂದು ಕಾಸೂ ಬರುವುದಿಲ್ಲ. ಅವನು ಬಿಡುಗಡೆಯಾದ ಮಾತ್ರಕ್ಕೆ ಅವಳ ಅರ್ಜಿ ಬಿದ್ದುಹೋಗುವುದೂ ಇಲ್ಲ. ಶಿಕ್ಷೆಗೆ ಸಂಶಯಾತೀತ ರುಜುವಾತು ಬೇಕು. ಪರಿಹಾರಕ್ಕೆ ಸಂಭವಗಳ ತೂಕ ಯಾವ ಕಡೆಗಿದೆಯೆಂದು ತೋರಿಸಿದರೆ ಸಾಕು. ನ್ಯಾಯಮಂಡಳಿಗಳು ಜುಗ್ಗತನ ಮಾಡಬಾರದು, ಸಣ್ಣಪುಟ್ಟ ತಾಂತ್ರಿಕ ಸಂಶಯಗಳಲ್ಲಿ ಸಿಕ್ಕಿಕೊಳ್ಳಬಾರದೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1980ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ನನ್ನ ಬಳಿಗೆ ಬಂದ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಹೇಳುತ್ತೇನೆ. ಗಂಡ ತೋಟಗಳಿಂದ ತೆಂಗಿನಕಾಯಿ ಕೊಂಡು ಮಂಡಿಗೆ ಹಾಕುತ್ತಿದ್ದ. ಒಂದು ಬೆಳಗಿನ ಜಾವ ಮೊಪೆಡ್ಡಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಲಾರಿ ಬಡಿಯಿತು. ಮಣ್ಣು ಮಾಡಿದ ಮೂರನೆಯ ದಿನ ಮಾಲೀಕನ ಕಡೆಯವನೊಬ್ಬ ಮನೆಗೆ ಬಂದ. "ತಾಯಿ, ಆದದ್ದು ಆಗಿಹೋಯಿತು. ಕೋರ್ಟು ಕಚೇರಿ ಎಂದು ಅಲೆದರೆ ಹತ್ತು ವರ್ಷ ಹಿಡಿಯುತ್ತದೆ. ಧಣಿಗಳು ಧರ್ಮವಂತರು, ಇದನ್ನು ಇಟ್ಟುಕೊಳ್ಳಿ" ಎಂದು ಐವತ್ತು ಸಾವಿರ ರೂಪಾಯಿ ಕೊಟ್ಟು, ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಆಕೆ ನನ್ನಲ್ಲಿಗೆ ಬಂದದ್ದು ಐದನೆಯ ತಿಂಗಳಲ್ಲಿ. "ಸ್ವಾಮಿ, ದುಡ್ಡು ತಿಥಿಗೂ ಸಾಲಕ್ಕೂ ಮುಗಿಯಿತು. ಇನ್ನೇನಾದರೂ ಬರುತ್ತದೆಯೇ?" ಎಂದು ಕೇಳಿದಳು. ವಿಚಾರಣೆಯಲ್ಲಿ ಆ ಕಾಗದ ಹೊರಬಂತು. ಗಂಡ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿದ್ದರಿಂದ ಅಪಘಾತವಾಯಿತೆಂದು ಅದರಲ್ಲಿ ಬರೆದಿತ್ತು.

ಆಕೆಯನ್ನು ಉಳಿಸಿದ್ದು ನನ್ನ ವಾದವಲ್ಲ, ಪೊಲೀಸರ ಸ್ಥಳ ಮಹಜರು. ಆ ದಿನ ಬಂದ ಅಧಿಕಾರಿ ಶ್ರದ್ಧೆಯ ಮನುಷ್ಯ. ಟಯರಿನ ಗುರುತು ಎಡಬದಿಯ ಮಣ್ಣಿನವರೆಗೂ ಹೋದದ್ದನ್ನು, ಮೊಪೆಡ್ಡಿನ ಹಿಂಚಕ್ರ ಮಾತ್ರ ನುಗ್ಗಾಗಿದ್ದುದನ್ನು, ತೆಂಗಿನಕಾಯಿಯ ಚೀಲ ಎಡಗಡೆಯ ಚರಂಡಿಯಲ್ಲಿ ಬಿದ್ದಿದ್ದುದನ್ನು ಅಳತೆಯ ಸಮೇತ ಬರೆದು ನಕ್ಷೆ ಹಾಕಿದ್ದ. ಬಲಕ್ಕೆ ತಿರುಗಿದವನ ಚೀಲ ಎಡಗಡೆಯ ಚರಂಡಿಗೆ ಹೇಗೆ ಬಿತ್ತು ಎಂದು ನ್ಯಾಯಾಧೀಶರು ಕೇಳಿದ ಪ್ರಶ್ನೆಗೆ ಎದುರು ಪಕ್ಷದ ವಕೀಲರಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಮೊದಲ ಕೆಲವು ದಿನಗಳ ಕಾಗದಗಳೇ ಮುಖ್ಯ: ಪ್ರಥಮ ವರ್ತಮಾನ ವರದಿ, ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರು ಲಾರಿಯನ್ನು ಪರೀಕ್ಷಿಸಿ ಕೊಟ್ಟ ವರದಿ, ಮರಣೋತ್ತರ ಪರೀಕ್ಷೆಯ ಅಥವಾ ಗಾಯದ ಪ್ರಮಾಣಪತ್ರ. ಇವುಗಳಿಗಾಗಿ ಠಾಣೆಯ ಮುಂದೆ ಕೈಜೋಡಿಸಿ ನಿಲ್ಲಬೇಕಾದ ಕಾಲ ಕಾಗದದ ಮೇಲಾದರೂ ಕಳೆದಿದೆ. 2022ರ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನಗಳೊಳಗೆ ಮಧ್ಯಂತರ ವರದಿಯನ್ನು, 90 ದಿನಗಳೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು. ನೊಂದವರಿಗೆ ಅವರ ಹಕ್ಕುಗಳನ್ನು ಬರಹದಲ್ಲಿ ತಿಳಿಸಬೇಕು. 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಪಾಲಿಸುವಂತೆ ರಾಜ್ಯಗಳಿಗೆ ನಿರ್ದೇಶನವನ್ನೂ ನೀಡಿತು. ಗಾಯಾಳುವಿನೊಡನೆ ಆಸ್ಪತ್ರೆಗೆ ಓಡಿದ್ದರಿಂದ ದೂರು ಕೊಡುವುದು ಒಂದೆರಡು ದಿನ ತಡವಾದರೆ ಅಂಜಬೇಕಾಗಿಲ್ಲ. ಅಂಥ ತಡವೊಂದೇ ಅರ್ಜಿಗೆ ಮಾರಕವಲ್ಲವೆಂದು 2011ರಲ್ಲಿ ತೀರ್ಮಾನವಾಗಿದೆ.

ಇನ್ನು ನಿಂತ ಲಾರಿಯ ಮಾತು. ಅಪಘಾತ ಮಾಡಲು ಲಾರಿ ಓಡುತ್ತಲೇ ಇರಬೇಕೆಂದಿಲ್ಲ. ಕತ್ತಲೆಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಟೊಂಗೆ ಇಟ್ಟು ಚಾಲಕ ಹೊಟೇಲು ಹುಡುಕಿಕೊಂಡು ಹೋಗಿರುತ್ತಾನೆ. ಲಾರಿಯ ಹಿಂಬದಿಯಲ್ಲಿ ತಾಯಿಯ ಆಶೀರ್ವಾದವೆಂದು ಬಣ್ಣಬಣ್ಣದ ಅಕ್ಷರಗಳಲ್ಲಿ ಬರೆಸುವ ಮಾಲೀಕ ಅದರ ಪಕ್ಕದ ಕೆಂಪು ದೀಪ ಉರಿಯುತ್ತದೆಯೇ ಎಂದು ನೋಡುವುದು ಅಪರೂಪ. ಹಿಂದಿನಿಂದ ಬಂದು ಬಡಿದವನದೇ ತಪ್ಪು ಎಂದು ವಿಮಾ ಸಂಸ್ಥೆ ವಾದಿಸುತ್ತದೆ. ಎಷ್ಟೋ ಸಲ ಅರ್ಧ ತಪ್ಪು ಅವನ ತಲೆಗೆ ಕಟ್ಟಿ ಪರಿಹಾರವನ್ನು ಅರ್ಧಕ್ಕೆ ಇಳಿಸುವುದೂ ಉಂಟು. ಹೆದ್ದಾರಿಯ ನಡುವೆ ಎಚ್ಚರಿಕೆಯ ದೀಪವಿಲ್ಲದೆ ಬಿಟ್ಟುಹೋದ ಉದ್ದನೆಯ ಲಾರಿಗೆ ಕಾರೊಂದು ಬಡಿದ ಪ್ರಕರಣ ನಮ್ಮ ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಕಾರಿನ ಚಾಲಕನಿಗೂ ಪಾಲು ಹಂಚಿದ್ದ ಕೆಳಗಿನ ತೀರ್ಪನ್ನು 2024ರಲ್ಲಿ ತಳ್ಳಿಹಾಕಿ, ಹೊಣೆಯೆಲ್ಲ ಲಾರಿಯದೇ ಎಂದು ನ್ಯಾಯಾಲಯ ಹೇಳಿತು. ಅಷ್ಟೇ ಅಲ್ಲ, ಕಾರಿನ ಚಾಲಕನ ತಪ್ಪು ಇದ್ದರೂ ಅದನ್ನು ಒಳಗೆ ಕುಳಿತ ಪ್ರಯಾಣಿಕರ ತಲೆಗೆ ಕಟ್ಟುವಂತಿಲ್ಲವೆಂದೂ ಸ್ಪಷ್ಟಪಡಿಸಿತು.

ವಿಮಾ ಸಂಸ್ಥೆಗೆ ತನ್ನದೇ ಆದ ಗುರಾಣಿಗಳಿವೆ: ಚಾಲಕನಿಗೆ ತಕ್ಕ ಪರವಾನಗಿ ಇರಲಿಲ್ಲ, ಲಾರಿಗೆ ರಹದಾರಿ ಇರಲಿಲ್ಲ ಮುಂತಾಗಿ. ಇವು ಮಾಲೀಕನಿಗೂ ವಿಮಾ ಸಂಸ್ಥೆಗೂ ನಡುವಿನ ಕರಾರಿನ ಜಗಳಗಳು. ದಾರಿಯಲ್ಲಿ ಸತ್ತವನಿಗೆ ಆ ಲಾರಿಯ ಪರವಾನಗಿಯನ್ನು ನೋಡುವ ಅವಕಾಶ ಎಲ್ಲಿತ್ತು? ಆದಕಾರಣ 2004ರ ಒಂದು ಪ್ರಮುಖ ತೀರ್ಪಿನಿಂದ ಈಚೆಗೆ, ಸಂಸ್ಥೆ ಮೊದಲು ನೊಂದವರಿಗೆ ಹಣ ಕೊಡಲಿ, ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶಗಳು ಬಳಕೆಗೆ ಬಂದವು. 2018ರಲ್ಲಿ ರಹದಾರಿಯಿಲ್ಲದ ವಾಹನದ ವಿಷಯದಲ್ಲೂ ಅದೇ ದಾರಿಯನ್ನು ಹಿಡಿಯಲಾಯಿತು.

ಒಂದು ಕಡೆ ಮಾತ್ರ ಈ ರಕ್ಷೆ ತೆಳುವಾಗುತ್ತದೆ, ಅದು ನಮ್ಮ ಹಳ್ಳಿಗಳಿಗೆ ನೇರವಾಗಿ ತಟ್ಟುವಂಥದು. ಮದುವೆಯ ದಿಬ್ಬಣಕ್ಕೆ, ಜಾತ್ರೆಗೆ, ಕೂಲಿಗೆ ಜನ ಸರಕಿನ ಲಾರಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಸರಕು ಸಾಗಿಸುವ ವಾಹನದಲ್ಲಿ ಹೀಗೆ ಕುಳಿತವರ ಹೊಣೆ ಕಡ್ಡಾಯ ವಿಮೆಯ ಮೇಲಿಲ್ಲವೆಂದು 2002ರಲ್ಲಿ ತೀರ್ಮಾನವಾಗಿದೆ. ತನ್ನ ಸರಕಿನೊಡನೆ ಹೋಗುವ ಅದರ ಒಡೆಯನಿಗೋ ಅವನು ನೇಮಿಸಿದ ಪ್ರತಿನಿಧಿಗೋ 1994ರ ತಿದ್ದುಪಡಿಯಿಂದ ರಕ್ಷಣೆಯುಂಟು, ದಿಬ್ಬಣದವರಿಗೆ ಇಲ್ಲ. ಅವರು ಮಾಲೀಕನ ಆಸ್ತಿಯನ್ನೇ ಹುಡುಕಬೇಕು.

ಪರಿಹಾರದ ಮೊತ್ತ ನ್ಯಾಯಾಧೀಶರ ಮರ್ಜಿಯೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದಕ್ಕೊಂದು ಲೆಕ್ಕವಿದೆ. 2009ರ ಮತ್ತು 2017ರ ತೀರ್ಪುಗಳು ಅದನ್ನು ಕಟ್ಟಿಕೊಟ್ಟಿವೆ. ಮೂವತ್ತೆಂಟು ವರ್ಷದ ವ್ಯಾಪಾರಿಯೊಬ್ಬ ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನು ನಂಬಿದ್ದರು ಎನ್ನೋಣ. ನಲವತ್ತಕ್ಕೆ ಒಳಗಿನವನಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗಾಗಿ ಶೇಕಡ 40 ಸೇರಿಸಿದರೆ 21,000. ನಂಬಿದವರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750, ವರ್ಷಕ್ಕೆ 1,89,000. ಆ ವಯಸ್ಸಿಗೆ ಗೊತ್ತುಮಾಡಿದ ಗುಣಕ 15. ಮೊತ್ತ 28,35,000 ರೂಪಾಯಿ. ಇದರ ಮೇಲೆ ದಾಂಪತ್ಯಸುಖದ ನಷ್ಟ, ಅಂತ್ಯಕ್ರಿಯೆ ಮೊದಲಾದ ಬಾಬುಗಳಿಗೆ ನಿಗದಿಯಾದ ಹಣ ಬೇರೆ. ಈಗ ಗಳಿಕೆಗೆ ಪುರಾವೆಯಿಲ್ಲವೆಂದು ನ್ಯಾಯಮಂಡಳಿ 10,000 ರೂಪಾಯಿ ಮಾತ್ರ ಒಪ್ಪಿತೆನ್ನಿ. ಅದೇ ಲೆಕ್ಕ 18,90,000ಕ್ಕೆ ಇಳಿಯುತ್ತದೆ. ಒಂಬತ್ತು ಲಕ್ಷ ನಲವತ್ತೈದು ಸಾವಿರದ ವ್ಯತ್ಯಾಸ! ನಾನು ಹೇಳಿದ ಆ ಹೆಣ್ಣುಮಗಳು ಗಂಡನ ಹಳೆಯ ಟ್ರಂಕಿನಿಂದ ಮಂಡಿಯ ಪಟ್ಟಿಗಳ ಒಂದು ಕಟ್ಟನ್ನು ತಂದಿದ್ದಳು. ಒಲೆಗೆ ಹಾಕುವುದಿತ್ತು, ಅವರ ಹೆಸರಿದೆಯಲ್ಲ ಎಂದು ಇಟ್ಟೆ ಎಂದಳು.

ಅಂಗ ಕಳೆದುಕೊಂಡವರ ಲೆಕ್ಕ ಇನ್ನೂ ಸೂಕ್ಷ್ಮ. ವೈದ್ಯರು ಕೊಡುವ ಶೇಕಡವಾರು ಊನ ಬೇರೆ, ಆ ಊನದಿಂದ ದುಡಿಮೆಗೆ ತಟ್ಟುವ ನಷ್ಟ ಬೇರೆ. ಕಾಲು ಹೋದ ಗುಮಾಸ್ತ ಕುರ್ಚಿಯಲ್ಲಿ ಕೂತು ಬರೆಯಬಹುದು. ಕಾಲು ಹೋದ ಹಮಾಲಿ ಏನು ಮಾಡಬೇಕು? ಕರ್ನಾಟಕದ ಒಬ್ಬ ತರುಣ ತರಕಾರಿ ವ್ಯಾಪಾರಿ ಕಾಲು ಕಳೆದುಕೊಂಡ ಪ್ರಕರಣದಲ್ಲಿ, ಒಂದು ಕಡೆ ಕೂತು ಮಾರಬಹುದಲ್ಲ ಎಂಬ ವಿಚಾರ ಬಂದಿತ್ತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೊಪ್ಪಲಿಲ್ಲ. ಸಗಟು ಮಾರುಕಟ್ಟೆಗೆ ಹೋಗಿ ತರಬೇಕು, ಗಾಡಿಯಲ್ಲಿಟ್ಟು ಬೀದಿ ಬೀದಿ ತಿರುಗಬೇಕು. ತರಕಾರಿ ಮಾರುವವನಿಗೆ ಕಾಲೇ ಬಂಡವಾಳವೆಂದು ಕಂಡುಕೊಂಡು, ದುಡಿಮೆಯ ನಷ್ಟವನ್ನು ಶೇಕಡ 85 ಎಂದು ಎಣಿಸಿತು. ಕಾಗದದ ಪುರಾವೆಯಿಲ್ಲದಿದ್ದರೂ ತಿಂಗಳ ಗಳಿಕೆಯನ್ನು 6,500 ಎಂದು ಒಪ್ಪಿತು. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂಬುದು 2001ರಿಂದ ಹಲವು ತೀರ್ಪುಗಳಲ್ಲಿ ಬಲಗೊಳ್ಳುತ್ತ ಬಂದಿದೆ. ಹೆಂಡತಿ ಮಕ್ಕಳಿಲ್ಲದ ಹುಡುಗನೊಬ್ಬ ಸತ್ತಾಗ ಅವನ ಅಣ್ಣತಮ್ಮಂದಿರೂ ಅರ್ಜಿ ಹಾಕಬಹುದೆಂದು 1987ರಲ್ಲಿ ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು.

ತಪ್ಪು ಯಾರದೆಂದು ತೋರಿಸಲು ಸಾಧ್ಯವೇ ಇಲ್ಲದವರಿಗಾಗಿ ಕಾಯಿದೆಯ 164ನೆಯ ಕಲಮು ಇದೆ. ಅದರಂತೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ತಪ್ಪಿನ ವಿಚಾರವೆತ್ತದೆ ದೊರೆಯುತ್ತದೆ. ಬೇಗ ಬರುವ ಹಣವೆಂಬುದು ನಿಜ. ಆದರೆ ವಿಮಾ ಸಂಸ್ಥೆಯ ಅಧಿಕಾರಿಯ ಮುಖಾಂತರ ರಾಜಿಯಲ್ಲಿ ಈ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿನ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮೇಲಿನ ಲೆಕ್ಕವನ್ನು ಮಾಡಿ ನೋಡದೆ ಸಹಿ ಹಾಕಬಾರದು. ಗುರುತೇ ಸಿಗದೆ ಓಡಿಹೋದ ವಾಹನವಾದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರಕಾರದ ಯೋಜನೆಯಿಂದ ಸಿಗುತ್ತದೆ; ಇದರ ಅರ್ಜಿ ಹೋಗಬೇಕಾದದ್ದು ಕಂದಾಯ ಇಲಾಖೆಯ ಅಧಿಕಾರಿಗೆ. ಗಾಯಾಳುವಿನ ಮೊದಲ ಏಳು ದಿನಗಳ ಚಿಕಿತ್ಸೆಗೆ ಒಂದೂವರೆ ಲಕ್ಷದವರೆಗೆ ನಗದು ಕಟ್ಟಬೇಕಿಲ್ಲದ ಯೋಜನೆಯೊಂದು 2025ರ ಮೇ ತಿಂಗಳಿನಲ್ಲಿ ಪ್ರಕಟವಾಗಿದೆ.

ಕಾಲದ ವಿಷಯ ಗಮನಿಸಬೇಕು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವನ್ನು 1994ರಲ್ಲಿ ತೆಗೆದುಹಾಕಿದ್ದರು, 2019ರ ತಿದ್ದುಪಡಿ ಅದನ್ನು ಮರಳಿ ತಂದಿತು. ಇದು ಸರಿಯೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡದಿರುವಂತೆ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಮಳೆಗಾಲದಲ್ಲಿ ಮೋಡದ ಸಂದಿನ ಬಿಸಿಲಿಗೆ ರಾಗಿ ಹರವಿದಂತೆ. ಆರು ತಿಂಗಳೊಳಗೇ ಹಾಕುವುದು ಮೇಲು. ಅಪಘಾತ ಎಲ್ಲೇ ಆಗಿರಲಿ, ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

ವಕೀಲರ ಮಾತನ್ನು ವಕೀಲನಾದ ನಾನೇ ಆಡುವುದು ಮುಜುಗರದ ಸಂಗತಿ, ಆದರೂ ಆಡಬೇಕು. ಆಸ್ಪತ್ರೆಯ ಶವಾಗಾರದ ಮುಂದೆಯೇ ವಕಾಲತ್ತಿಗೆ ಸಹಿ ಕೇಳುವ ದಲ್ಲಾಳಿಗಳಿದ್ದಾರೆ. "ಮೊದಲು ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪಾಲು" ಎಂಬುದು ಅವರ ಕರಾರು. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ನಮ್ಮ ದೇಶದ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆಯೆಂಬುದನ್ನು ಕಕ್ಷಿದಾರರು ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ, ಅಂಗವಿಕಲರಿಗೆ ಆದಾಯವೆಷ್ಟೆಂದು ಕೇಳದೆ ಉಚಿತವಾಗಿ ವಕೀಲರನ್ನು ಒದಗಿಸಬೇಕು. ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿಯಿದೆ. 15100 ಎಂಬ ದೂರವಾಣಿ ಸಂಖ್ಯೆಯೂ ಇದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಮೊತ್ತ ಒಪ್ಪಿಗೆಯಾಗದಿದ್ದರೆ ಎದ್ದುಬರುವ ಸ್ವಾತಂತ್ರ್ಯ ಕಕ್ಷಿದಾರನಿಗೆ ಸದಾ ಉಂಟು. ಬಂದ ಹಣವನ್ನು ನೆಂಟರಿಷ್ಟರು ಬಾಚಿಕೊಳ್ಳದಂತೆ, ಮಕ್ಕಳ ಮತ್ತು ಓದುಬರಹವಿಲ್ಲದವರ ಪಾಲನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಿಡಲು 1994ರಿಂದಲೇ ಮಾರ್ಗಸೂಚಿಯಿದೆ.

ಕೊನೆಯದಾಗಿ, ಲಾರಿಯ ಒಳಗೇ ಸಾಯುವವರ ವಿಷಯ. ಚಾಲಕನ ತಪ್ಪಿನಿಂದಲೇ ಚಾಲಕ ಸತ್ತರೆ ಅವನ ಮನೆಯವರಿಗೆ ಏನೂ ಇಲ್ಲವೆಂದು ಜನ ನಂಬಿದ್ದಾರೆ. ಕೆಲಸದ ನಡುವೆ ಸತ್ತ ಕೆಲಸಗಾರನಿಗೆ ಯಜಮಾನನಿಂದ, ತಪ್ಪಿನ ಪ್ರಶ್ನೆಯೆತ್ತದೆ, ಪರಿಹಾರ ಕೊಡಿಸುವ ಕಾಯಿದೆ 1923ರಲ್ಲಿಯೇ ಬಂದಿತ್ತು. 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಾಗ ಆ ಏರ್ಪಾಡು ಅದರೊಳಗೆ ಸೇರಿತು. ಕ್ಲೀನರಿಗೂ ಇದು ಸಲ್ಲುತ್ತದೆ. ಕ್ಲೀನರಿನ ಮನೆಯವರು ಮೋಟಾರು ಕಾಯಿದೆಯ ಅರ್ಜಿಯನ್ನಾದರೂ ಹಾಕಬಹುದು, ಇದನ್ನಾದರೂ ಹಿಡಿಯಬಹುದು, ಎರಡನ್ನೂ ಅಲ್ಲ. ಕಷ್ಟ ಬರುವುದು ಅವನು ಕ್ಲೀನರೆಂದು ತೋರಿಸುವುದರಲ್ಲಿ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಸತ್ತಾಗ ಮಾಲೀಕ, ಅವನಾರೋ ನನಗೆ ಗೊತ್ತೇ ಇಲ್ಲ, ದಾರಿಯಲ್ಲಿ ಹತ್ತಿಕೊಂಡವನಿರಬೇಕು ಎಂದ. ಯಾವ ಪುಸ್ತಕದಲ್ಲೂ ಹುಡುಗನ ಹೆಸರಿರಲಿಲ್ಲ. ಪೊಲೀಸರು ಲಾರಿಯಿಂದ ತೆಗೆದಿಟ್ಟಿದ್ದ ಸಾಮಾನುಗಳಲ್ಲಿ ಚಾಲಕ ದಾರಿಯ ಖರ್ಚು ಬರೆದಿದ್ದ ಒಂದು ಹಾಳೆ ಸಿಕ್ಕಿತು. ಡೀಸೆಲ್, ಸುಂಕ, ಪಂಕ್ಚರು, ಅದರ ಕೆಳಗೆ ಮೂರು ದಿನವೂ ಒಂದೊಂದು ಸಾಲು: ಹುಡುಗನ ಊಟ, 120. ಆಯುಕ್ತರು ಆ ಹಾಳೆಯನ್ನು ತರಿಸಿಕೊಂಡು, ಎರಡು ಸಲ ಓದಿ, ಅರ್ಜಿದಾರಳ ಪರವಾದ ನಾಲ್ಕನೆಯ ದಾಖಲೆಯೆಂದು ಗುರುತು ಹಾಕಿದರು.